ಬಾಣಂತಿ ಬಾವಿ ಮತ್ತು ನನ್ನ ವಾರಗಿತ್ತಿ

ಅವಳ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಹಳದಿಯಾಗಿತ್ತು. ಮನೆ ತುಂಬಿಸಿಕೊಂಡ ದಿನ ಹೊಸ್ತಿಲು ದಾಟಿ ಒಳಗೆ ಬಂದ ಮದುಮಗಳ ಕೈ ಹಿಡಿದು ನೋಡಿದ ಅತ್ತೆ, ‘ಅರಿಶಿನ ಎಷ್ಟ್ ಚೆಂದ ಹಿಡದದೆ ನೋಡು’ ಎಂದು ಬಂದವರಿಗೆಲ್ಲ ತೋರಿಸಿದರು. ಮದುವೆಯ ಅರಿಶಿನ ಕೆಲವೇ ದಿನಗಳಲ್ಲಿ ಎಲ್ಲರ ಕೈಯಿಂದಲೂ ಹೋಗುತ್ತದೆ. ಇವಳದು ಹೋಗಲಿಲ್ಲ. ಅದು ಅರಿಶಿನವೇ ಅಲ್ಲ, ಕಾಲೇಜಿನ ಪ್ರಯೋಗಾಲಯದಲ್ಲಿ ನೈಟ್ರಿಕ್ ಆಸಿಡ್ ಮತ್ತೆ ಮತ್ತೆ ತಾಗಿ ಚರ್ಮ ಹಳದಿಯಾದದ್ದು ಎಂದು ಆಮೇಲೆ ಅವಳೇ ನಗುತ್ತ ಹೇಳಿದಳು. ನಾನು ಈ ಮನೆಗೆ ಮದುಮಗಳಾಗಿ ಬಂದಾಗ ನನ್ನ ಅಂಗೈಯ ಮದರಂಗಿ ಕಡುಗೆಂಪಾಗಿ ಕೂತಿತ್ತು. ಅದನ್ನು ಅತ್ತೆ ತಿರುಗಿ ನೋಡಿರಲಿಲ್ಲ. ಆಸಿಡ್ಡಿನ ಕಲೆಗೆ ಸಿಕ್ಕ ಮರ್ಯಾದೆ ನನ್ನ ಮದರಂಗಿಗೆ ಸಿಗಲಿಲ್ಲವಲ್ಲ ಎಂದು ನನಗೆ ಅವತ್ತೇ ಹೊಟ್ಟೆಯಲ್ಲಿ ಚುರ್ ಎಂದಿತು.

ಅವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಭಟ್ಕಳದ ಬೆಳಕೆಯವಳು, ಮೀನುಗಾರರ ಮನೆಯ ಹುಡುಗಿ. ಹೊನ್ನಾವರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ನಾನೂ ಕಲಿಸುವವಳೇ. ಕುಮಟಾ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಅಕ್ಕೋರು. ಅವಳು ಬರುವುದಕ್ಕೆ ಬಹಳ ಮೊದಲೇ ಈ ಮನೆ ಸೇರಿ, ಅತ್ತೆಯ ಬಾಯಿ, ಗಂಡನ ಬಸ್ ಡಿಪೋ ಕೆಲಸದ ಪಾಳಿ, ಮಗಳ ಓದು ಎಲ್ಲವನ್ನೂ ಸಂಭಾಳಿಸಿದವಳು. ಈ ಬರಹದಲ್ಲಿ ಅವಳನ್ನು ಹೊಗಳದೆ ನನಗೆ ಗತಿಯಿಲ್ಲ. ಆದರೆ ಹೊಟ್ಟೆಕಿಚ್ಚನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಹೊಗಳುವುದು ನನ್ನಿಂದಾಗದ ಕೆಲಸ.

ಅವಳಿಗೆ ಏನು ಸಿಕ್ಕಿದರೂ ಮೊದಲು ಮೂಸಿ ನೋಡುವ ಅಭ್ಯಾಸ. ಹೊಸ ಪುಸ್ತಕ, ಮೀನು, ಸೋಪು, ನನ್ನ ಮಗಳ ತಲೆ, ಎಲ್ಲವನ್ನೂ. ಚೀಲದಲ್ಲಿ ಯಾವಾಗಲೂ ಲಿಟ್ಮಸ್ ಕಾಗದದ ಸಣ್ಣ ಕಟ್ಟು. ಮಜ್ಜಿಗೆಯಲ್ಲಿ ಅದ್ದುವಳು, ಎಳನೀರಿನಲ್ಲಿ ಅದ್ದುವಳು. ಒಮ್ಮೆ ನನ್ನ ಮೀನಿನ ಸಾರಿನಲ್ಲೂ ಅದ್ದಿ, ಕೆಂಪಾದ ಚೂರನ್ನು ಮೇಲೆತ್ತಿ, ‘ಅಕ್ಕನ ಸಾರಿಗೆ ಹುಳಿ ಸಮಾ ಬಿದ್ದದೆ’ ಎಂದು ತೀರ್ಪು ಕೊಟ್ಟಳು. ಉಪ್ಪಿಲ್ಲ, ಕಾರ ಹೆಚ್ಚು ಎಂದೇ ಉಣ್ಣುತ್ತಿದ್ದ ಅತ್ತೆ ಅವತ್ತು ಮಾತಿಲ್ಲದೆ ಎರಡನೇ ಸಲ ಬಡಿಸಿಕೊಂಡರು. ನನ್ನ ಸಾರಿಗೂ ಅವಳ ಸರ್ಟಿಫಿಕೇಟು ಬೇಕಾಯಿತು.

ಯಾವ ಪ್ರಶ್ನೆ ಕೇಳಿದರೂ ಅವಳಿಂದ ಬರುತ್ತಿದ್ದ ಮೊದಲ ಮಾತು, ‘ನೋಡ್ವ.’ ಊರಿನ ಹುಡುಗರಿಗೆ ಯಾವ ಕೋರ್ಸ್ ಒಳ್ಳೆಯದು ಎಂದರೂ ನೋಡ್ವ, ಬಂಗಡೆ ತಾಜಾ ಇದೆಯಾ ಎಂದರೂ ನೋಡ್ವ. ‘ನೋಡದೆ ಹೇಳೂದು ಬೇಡ ಅಕ್ಕ’ ಎನ್ನುವಳು. ನಾನು ಇಡೀ ಜನ್ಮ ನೋಡದೆಯೇ ಹೇಳಿಕೊಂಡು ಬಂದವಳು, ಹೇಳಿದ್ದು ಬಹುಪಾಲು ಸರಿಯೂ ಆಗಿದೆ. ಆದರೆ ಊರಿಗೆ ಬೇಕಾದದ್ದು ಅವಳ ಆ ತಣ್ಣಗಿನ ‘ನೋಡ್ವ.’

ಅವಳೂ ಮೈದುನನೂ ಹೊನ್ನಾವರದಲ್ಲಿ ಬಾಡಿಗೆ ಮನೆ ಮಾಡಿದ್ದರು. ಭಾನುವಾರ ಸ್ಕೂಟರಿನಲ್ಲಿ ಊರಿಗೆ ಬರುತ್ತಿದ್ದರು. ಒಂದು ಭಾನುವಾರ ಅವಳು ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಪ್ಸರಕೊಂಡಕ್ಕೆ ಹೊರಟಳು. ನಾನು ಎಷ್ಟೋ ಸಲ ಕರೆದಾಗ, ಸೊಂಟನೋವು, ಬಿಸಿಲು, ದನಕ್ಕೆ ಹುಲ್ಲು ಹಾಕುವವರಿಲ್ಲ ಎಂದು ನೆವ ಹೇಳಿದ ಅದೇ ಅತ್ತೆ, ಸೀರೆ ಎತ್ತಿ ಕಟ್ಟಿ ಗತ್ತಿನಲ್ಲಿ ಹತ್ತಿ ಕೂತರು. ಸಂಜೆ ಉಪ್ಪುಗಾಳಿಗೆ ಕೆದರಿದ ಬಿಳಿಗೂದಲಿನಲ್ಲಿ ವಾಪಸು ಬಂದು, ಜಲಪಾತದ ಕೆಳಗೆ ಕಾಲು ತೊಳೆದದ್ದನ್ನು ವಾರವಿಡೀ ಹೇಳಿದರು. ವಾರವಿಡೀ ಅದನ್ನು ಕೇಳಿಸಿಕೊಂಡವಳು ನಾನು.

ಇಷ್ಟೆಲ್ಲದರ ನಡುವೆ ಒಂದೇ ಒಂದು ವಿಷಯದಲ್ಲಿ ಅತ್ತೆ ನನ್ನ ಪಕ್ಷದಲ್ಲಿದ್ದರು. ಅದು ನಮ್ಮ ಬಾವಿ.

ನಮ್ಮೂರು ಹೊನ್ನಾವರದಿಂದ ಒಳಗೆ, ಗುಡ್ಡದ ಬುಡದಲ್ಲಿದೆ. ಆ ಗುಡ್ಡದ ನೆತ್ತಿಯಲ್ಲಿ ಬಹಳ ಹಿಂದೆ ಯಾರೋ ಕಂಪನಿಯವರು ಅದಿರು ಅಗೆದಿದ್ದರಂತೆ. ಬೇಕಾದದ್ದನ್ನು ಒಯ್ದು, ಬೇಡವಾದ ಕಲ್ಲುಮಣ್ಣನ್ನು ಅಲ್ಲೇ ರಾಶಿ ಹಾಕಿ ಹೋದರು. ಜನರ ಬಾಯಲ್ಲಿ ಅದು ಕಂಪನಿ ದಿಬ್ಬ. ದಿಬ್ಬದ ಬುಡದಿಂದ ಒಂದು ಹಳ್ಳ ಇಳಿದು ನಮ್ಮ ಹಿತ್ತಿಲ ಪಕ್ಕ ಹರಿಯುತ್ತದೆ. ಹಳ್ಳದ ತಳ ಇಟ್ಟಿಗೆ ಪುಡಿ ಕಲಸಿದ ಹಾಗೆ ಕೆಂಪು. ಹಳ್ಳದ ಮಗ್ಗುಲಲ್ಲೇ ನಮ್ಮ ಬಾವಿ. ಅದರ ನೀರು ಬಾಯಿಗೆ ತುಸು ಒಗರು. ಬಿಳಿ ಬಟ್ಟೆ ಒಗೆದರೆ ಮಾಸಲು ಕೆಂಪಾಗುತ್ತಿತ್ತು, ಚಹಾ ಮಾಡಿದರೆ ಕಪ್ಪಾಗುತ್ತಿತ್ತು. ಇದನ್ನು ಯಾರೂ ದೋಷ ಎಂದುಕೊಳ್ಳಲಿಲ್ಲ. ಕಬ್ಬಿಣದ ನೀರು, ಕುಡಿದರೆ ರಕ್ತ ಹೆಚ್ಚುತ್ತದೆ ಎಂದೇ ಎಲ್ಲರ ನಂಬಿಕೆ. ಹಾಗಾಗಿ ಅದಕ್ಕೆ ಬಾಣಂತಿ ಬಾವಿ ಎಂದೇ ಹೆಸರು. ಸುತ್ತಲಿನ ಯಾವ ಮನೆಯಲ್ಲಿ ಹೆರಿಗೆಯಾದರೂ ನಮ್ಮಲ್ಲಿಂದ ಕೊಡ ಹೋಗುತ್ತಿತ್ತು. ಭಟ್ಕಳದ ಹೆಬಳೆಯಲ್ಲಿದ್ದ ಅತ್ತೆಯ ತಂಗಿಯ ಮನೆಗೆ ಬಸ್ಸಿನಲ್ಲಿ ಕ್ಯಾನ್ ತುಂಬಿಸಿ ಕಳಿಸುತ್ತಿದ್ದೆವು.

ಬಾಣಂತಿಯ ನೀರು ಸೇದುವುದು ಮನೆಯ ಹಿರಿಸೊಸೆಯ ಕೆಲಸ. ಮಿಂದು, ಮಡಿಬಟ್ಟೆ ಮಡಚಿ ಕೊಡದ ಬಾಯಿಗೆ ಕಟ್ಟಿ, ಸೋಸಿ ತುಂಬಿಸಬೇಕು. ನನ್ನ ಕೈಯ ನೀರು ಕುಡಿದು ಎದ್ದು ಓಡಾಡಿದ ಹೆಂಗಸರು ಎದುರು ಸಿಕ್ಕಾಗ ನಿಂತು ಮಾತನಾಡಿಸುತ್ತಿದ್ದರು. ಅತ್ತೆ ಬಂದವರ ಮುಂದೆ, ‘ಇವಳ ಕೈಗುಣ’ ಎನ್ನುತ್ತಿದ್ದರು. ಆ ಮನೆಯಲ್ಲಿ ನನಗೆ ಸಿಕ್ಕಿದ ಹೊಗಳಿಕೆ ಅದೊಂದೇ.

ವಾರಗಿತ್ತಿ ಕೈ ಹಾಕಿದ್ದು ಸರಿಯಾಗಿ ಅದಕ್ಕೇ.

ಅವಳು ಬಂದ ವರ್ಷದ ಮೊದಲ ಮಳೆ. ನಮ್ಮಲ್ಲಿ ಮೊದಲ ಮಳೆಗೆ ಹೊಳೆಯ ಮೀನು ನೀರಿಗೆ ಎದುರಾಗಿ ಹಳ್ಳ, ಗದ್ದೆಗಳಿಗೆ ಹತ್ತಿ ಬರುತ್ತದೆ. ಊರಿಗೆ ಊರೇ ಬುಟ್ಟಿ, ಬಲೆ, ಕತ್ತಿ ಹಿಡಿದು ಇಳಿಯುತ್ತದೆ. ಅವಳೂ ಕೊಡೆ ಹಿಡಿದು ನಮ್ಮ ಹಳ್ಳದ ಅಂಚಿಗೆ ಓಡಿದಳು. ನಾನು ನಕ್ಕು, ‘ಅಲ್ಲಲ್ಲ ಮಾರಾಯ್ತಿ, ಆಚೆ ಹಳ್ಳಕ್ಕೆ ಹೋಗ್ಬೇಕು. ನಮ್ಮದಕ್ಕೆ ಮೀನು ಹತ್ತೂದಿಲ್ಲ’ ಎಂದೆ.

‘ಎಂತಕೆ?’

‘ಹತ್ತೂದಿಲ್ಲ ಅಷ್ಟೇ. ಮೊದಲಿಂದ್ಲೂ ಹಾಂಗೇ.’

ನಾವು ಯಾರೂ ಆ ‘ಎಂತಕೆ’ಯನ್ನು ಕೇಳಿರಲಿಲ್ಲ. ಎರಡೂ ಹಳ್ಳ ಕೆಳಗೆ ಒಂದೇ ಹೊಳೆಗೆ ಸೇರುತ್ತವೆ. ಅವಳು ಅವು ಕೂಡುವ ಜಾಗಕ್ಕೆ ಹೋಗಿ ಮಳೆಯಲ್ಲಿ ಕುಕ್ಕರಗಾಲಲ್ಲಿ ಕೂತಳು. ಏರಿ ಬಂದ ಮೀನು ಅಲ್ಲಿಯವರೆಗೆ ಬಂದು, ನಮ್ಮ ಹಳ್ಳದ ನೀರು ಸೋಕಿದ ಕೂಡಲೇ ಮೈ ಹೊರಳಿಸಿ ಆಚೆ ಹಳ್ಳಕ್ಕೆ ತಿರುಗುತ್ತಿತ್ತು. ಮೀನುಗಾರರ ಮಗಳು, ಮೀನು ತಿರುಗಿದ್ದನ್ನು ಸುಮ್ಮನೆ ಬಿಡುವವಳಲ್ಲ. ಒದ್ದೆ ಮೈಯಲ್ಲಿ ವಾಪಸು ಬಂದು ಚೀಲದಿಂದ ಕಾಗದ ತೆಗೆದು ಹಳ್ಳಕ್ಕೆ ಅದ್ದಿದಳು. ಅದು ನನ್ನ ಸಾರಿನಲ್ಲಿ ಆದದ್ದಕ್ಕಿಂತ ಕೆಂಪಾಯಿತು.

‘ಅಕ್ಕ, ಈ ನೀರು ಬಾಣಂತಿಗೆ ಬೇಡ,’ ಎಂದಳು.

‘ನೋಡದೆ ಹೇಳೂದು ಬೇಡ,’ ಎಂದು ಅವಳ ಮಾತನ್ನೇ ಅವಳಿಗೆ ತಿರುಗಿಸಿದೆ. ಅತ್ತೆ, ‘ಸಮಾ ಹೇಳ್ದೆ’ ಎಂದರು. ಆ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮುಂದಿನ ವರ್ಷ ಅವಳು ನಾಲ್ಕಾರು ಬಿಳಿ ಬಾಟಲಿ ತಂದು ಜಗಲಿಯ ಗೂಡಿನಲ್ಲಿಟ್ಟಳು. ಮೊದಲ ಮಳೆಯ ಹೊತ್ತಿಗೆ ಅವಳು ಪರೀಕ್ಷೆಯ ಮೌಲ್ಯಮಾಪನಕ್ಕೆ ಧಾರವಾಡಕ್ಕೆ ಹೋಗಬೇಕಿತ್ತು. ಹಳ್ಳದ ನೀರು, ಬಾವಿಯ ನೀರು ತುಂಬಿಸಿಡುವ ಕೆಲಸವನ್ನು ಅತ್ತೆಗೆ ಒಪ್ಪಿಸಿದಳು. ನನಗಲ್ಲ. ‘ಅಕ್ಕನಿಗೆ ಶಾಲೆ ಶುರುವಾಗೂ ಟೈಮು, ಸುಮ್ನೆ ತೊಂದ್ರೆ’ ಎಂದಳಂತೆ. ಬಾಣಂತಿ ನೀರಿನ ಹಿರಿಸೊಸೆ ನಾನು ಮನೆಯಲ್ಲಿರುವಾಗ! ನನಗೆ ಹೇಳಿದ್ದರೆ ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದೆ.

ಮಳೆ ಬಂತು, ಬಾಟಲಿ ಹೋಯಿತು, ದೂರದ ಪ್ರಯೋಗಾಲಯದಿಂದ ರಿಪೋರ್ಟೂ ಬಂತು. ನೀರಿನಲ್ಲಿ ಹೆದರುವಂಥದ್ದು ಏನೂ ಇಲ್ಲ. ನಾನು ಆ ಕಾಗದವನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಅವಳು ಮಾತ್ರ ಹುಬ್ಬು ಗಂಟಿಕ್ಕಿ ಕೂತಿದ್ದಳು. ಆಗ ಅತ್ತೆ ಹೆಮ್ಮೆಯಿಂದ, ‘ಎಂತ ಬತ್ತದೆ ಅದರಲ್ಲಿ? ನಾ ಎಷ್ಟ್ ಚೊಕ್ಕ ಮಾಡಿ ಕೊಟ್ಟಿದ್ದೆ! ನಿನ್ನ ಬಾಟ್ಲಿ ತಳದಲ್ಲಿ ಎಂತದೋ ಹುಳಿಹುಳಿ ವಾಸನೆ ನೀರು ಇತ್ತು. ಚೆಲ್ಲಿ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ನೀರು ಬಟ್ಟೇಲಿ ಸೋಸಿ, ತಿಳಿ ಆಗೂ ತನಕ ಬಿಟ್ಟು ತುಂಬಿಸಿದೆ. ದೊಡ್ಡ ಊರಿಗೆ ಹೋಗೂ ನೀರು, ಹಾಂಗೇ ಕೊಟ್ರೆ ಜನ ಎಂತ ಹೇಳೂದು?’ ಎಂದರು.

ಆ ಹುಳಿ ವಾಸನೆಯ ಹನಿಗಳು ಅವಳೇ ಹಾಕಿಟ್ಟ ಆಸಿಡ್. ನೀರಿನಲ್ಲಿ ಕರಗಿದ ಲೋಹ ತಳಕ್ಕೆ ಕೂರದೆ, ಬಾಟಲಿಗೆ ಅಂಟಿಕೊಳ್ಳದೆ ಹಾಗೆಯೇ ಉಳಿಯಬೇಕಾದರೆ ಅದು ಬೇಕು. ಅತ್ತೆ ಅದನ್ನು ಚೆಲ್ಲಿದ್ದರು, ಕೆಂಪು ಕೆಸರನ್ನು ಬಟ್ಟೆಯಲ್ಲಿ ತಡೆದಿದ್ದರು, ಉಳಿದದ್ದನ್ನು ತಳಕ್ಕೆ ಕೂರಿಸಿ ಬರೀ ತಿಳಿಯನ್ನು ಕಳಿಸಿದ್ದರು. ಯಾರಿಗೂ ತೊಳೆಯದ ಪಾತ್ರೆಯಲ್ಲಿ ನೀರು ಕೊಡಬಾರದು ಎಂದು ಕಲಿತು ಕಲಿಸಿದ ಕೈ ಅದು. ಇದೇ ಕೆಲಸ ನಾನು ಮಾಡಿದ್ದರೆ ಮನೆಯಲ್ಲಿ ಮಹಾಭಾರತವೇ ಆಗುತ್ತಿತ್ತು. ವಾರಗಿತ್ತಿ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅತ್ತೆಯೂ ಯಾಕೆಂದು ತಿಳಿಯದೆಯೇ ನಕ್ಕರು.

ನನಗೆ ನಗು ಬರಲಿಲ್ಲ. ‘ಹಾಂಗಾರೆ ಮತ್ತೆ ತುಂಬಿಸು’ ಎಂದೆ.

‘ಈಗ ತುಂಬಿಸಿದ್ರೆ ಆಗೂದಿಲ್ಲ ಅಕ್ಕ. ಮಳೆ ಹಿಡದದೆ, ನೀರು ತೆಳು ಆಗಿ ಹೋತು. ಬೇಸಿಗೆ ತುಂಬ ಆ ದಿಬ್ಬದ ಮೇಲೆ ಒಣಗಿ ಕೂತದ್ದೆಲ್ಲ ಮೊದಲ ಮಳೆಗೇ ಕರಗಿ ಬರೂದು. ಇನ್ನು ಮುಂದಿನ ವರ್ಷವೇ.’

ಮುಂದಿನ ವರ್ಷದವರೆಗೆ ಕಾಯುವ ಹಾಗಿರಲಿಲ್ಲ. ಮದುವೆಯಾಗಿ ಭಟ್ಕಳದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ನನ್ನ ಮಗಳು ಆಗ ಬಸುರಿ. ಚಳಿಗಾಲ ಕಳೆಯುವ ಹೊತ್ತಿಗೆ ಹೆರಿಗೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದರಲ್ಲೂ ಬಾಣಂತಿ ಬಾವಿಯ ಮನೆಯ ಮಗಳು. ಊರಿಗೆಲ್ಲ ನೀರು ಹೊತ್ತವಳು ನಾನು, ನನ್ನ ಮಗಳಿಗೆ ಯಾವಾಗ ಹೊರುತ್ತೇನೋ ಎಂದು ಕಾದು ಕೂತವಳು. ಕೋಣೆಗೆ ಸುಣ್ಣ ಬಳಿಸಿದೆ, ಹಂಡೆ ಬೆಳಗಿಸಿದೆ, ಮೆಂತೆ, ಬೆಲ್ಲ, ಓಮ ತಂದಿಟ್ಟೆ.

ಬಯಕೆ ಊಟದ ದಿನ ಎಲೆ ಎತ್ತಿದ ಮೇಲೆ ವಾರಗಿತ್ತಿ ನನ್ನನ್ನು ಹಿತ್ತಿಲಿಗೆ ಕರೆದಳು. ‘ಅಕ್ಕ, ನಂಗೆ ಸಾಕ್ಷಿ ಇಲ್ಲ, ಒಪ್ತೆ. ಆದ್ರೂ ಅವಳಿಗೆ ಈ ನೀರು ಕೊಡ್ಬೇಡಿ.’

‘ನಿನ್ನ ರಿಪೋರ್ಟೇ ಹೇಳ್ತದೆ, ನೀರು ಒಳ್ಳೇದು ಅಂತ.’

‘ಅದು ಅತ್ತೆ ತೊಳೆದ ನೀರಿನ ರಿಪೋರ್ಟು.’

‘ನಾನೂ ಇದೇ ನೀರು ಕುಡಿದು ಅವಳನ್ನ ಹೆತ್ತೆ. ಎಂತಾಗಿದೆ ಅವಳಿಗೆ?’

ಅದಕ್ಕೆ ಉತ್ತರ ಹೇಳಿದ್ದು ಮಗಳು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ‘ಆಯಿ, ನಾ ಚಿಕ್ಕಿ ಮನೆಗೇ ಹೋಗ್ತೆ. ಹೊನ್ನಾವರದಲ್ಲೇ ಆಸ್ಪತ್ರೆ, ನಲ್ಲಿ ನೀರು. ಎಲ್ಲ ಅಲ್ಲೇ ಅದೆ.’

ತಾಯಿ ಗಟ್ಟಿಯಾಗಿರುವಾಗ ಚಿಕ್ಕಮ್ಮನ ಬಾಡಿಗೆ ಮನೆಯಲ್ಲಿ ಬಾಣಂತನ! ಆ ಸಂಜೆ ನಾನು ಅತ್ತು ಮುಗಿಸಿ ಮುಖ ತೊಳೆದುಕೊಂಡದ್ದೂ ಅದೇ ಬಾವಿಯ ನೀರಿನಲ್ಲಿ.

ಮಗು ಹೆಣ್ಣಾಯಿತು. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲು ಅತ್ತೆಯೂ ಹೊನ್ನಾವರಕ್ಕೇ ಹೋಗಿ ಕೂತರು. ನಾನು ಶಾಲೆ ಬಿಟ್ಟೊಡನೆ ಕುಮಟಾದಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗಿ, ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂತು ಬರುತ್ತಿದ್ದೆ. ಮಗಳು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದಳು. ಅವಳ ಹಳದಿ ಬೆರಳು ನನ್ನ ಮಗಳ ಕೂದಲ ಸಿಕ್ಕು ಬಿಡಿಸುತ್ತಿತ್ತು. ಅವಳಿಗೆ ಮಕ್ಕಳಿರಲಿಲ್ಲ. ಆದ್ದರಿಂದ ನನಗೆ ಮರುಕ ಬರಬೇಕಿತ್ತು. ಬರುತ್ತಿದ್ದದ್ದು ಮಾತ್ರ ಹೊಟ್ಟೆಕಿಚ್ಚು, ಅದೂ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಆರದಂಥದ್ದು.

ಒಂದು ದಿನ ನಾನು ಹೋದಾಗ ಅಲ್ಲಿ ಬೇರೆಯೇ ಪ್ರಸಂಗ. ಅತ್ತೆ ಬರುವಾಗ ಬಟ್ಟೆಗಂಟಿನ ನಡುವೆ ಬಾವಿ ನೀರಿನ ಒಂದು ಕ್ಯಾನ್ ಅಡಗಿಸಿ ತಂದಿದ್ದರು. ಅದು ಮಂಚದ ಕೆಳಗೆ ಸಿಕ್ಕಿಬಿದ್ದಿತ್ತು. ವಾರಗಿತ್ತಿ ಬಯ್ಯಲಿಲ್ಲ, ಚೆಲ್ಲಲೂ ಇಲ್ಲ. ‘ನೋಡ್ವ’ ಎಂದು ಎರಡು ಪಾತ್ರೆ ಒಲೆಯ ಮೇಲಿಟ್ಟಳು. ಒಂದರಲ್ಲಿ ನಲ್ಲಿಯ ನೀರು, ಒಂದರಲ್ಲಿ ನಮ್ಮ ನೀರು. ಎರಡಕ್ಕೂ ಚಹಾಪುಡಿ. ನಮ್ಮದು ಮಸಿಯಾಯಿತು.

‘ಕಪ್ಪಾದ್ರೆ ಎಂತಾತು? ಕಬ್ಬಿಣ ಅದೆ ಅದರಲ್ಲಿ’ ಎಂದರು ಅತ್ತೆ.

‘ಅದೆ ಅತ್ತೆ, ಸುಳ್ಳಲ್ಲ. ಆದ್ರೆ ಕಬ್ಬಿಣದ ಸಂಗಡ ಮತ್ತೆ ಯಾರೆಲ್ಲ ಬಂದಿದ್ರು ಅಂತ ನೋಡ್ಬೇಕು. ಕಲಾಯಿ ಹೋದ ಹಿತ್ತಾಳೆ ಪಾತ್ರೇಲಿ ನೀವು ಹುಳಿ ಮಾಡ್ತ್ರಾ?’

‘ಥೂ, ಯಾರಾದ್ರೂ ಮಾಡ್ತ್ರಾ! ಕಿಲುಬು ಬಿಟ್ಕೊಂಡು ವಾಂತಿ ಆಗೂದಿಲ್ವಾ?’

‘ನಮ್ಮ ದಿಬ್ಬವೂ ಕಲಾಯಿ ಹೋದ ಪಾತ್ರೆಯೇ. ಗುಡ್ಡದ ಹೊಟ್ಟೆಯೊಳಗೆ ಇರೂ ತನಕ ಆ ಕಲ್ಲಿಗೆ ಗಾಳಿ ತಾಗೂದಿಲ್ಲ, ಸುಮ್ನೆ ಇರ್ತದೆ. ಅದರಲ್ಲಿ ಗಂಧಕ ಅದೆ. ಒಡೆದು ಹೊರಗೆ ಹಾಕಿದ್ರು, ಗಾಳಿ ತಾಗ್ತು, ಮಳೆ ಬಿತ್ತು. ಕಲ್ಲಿಗೆ ತುಕ್ಕು ಹಿಡದು ನೀರು ಹುಳಿ ಆತು. ಹುಳಿ ನೀರು ಸುಮ್ನೆ ಇರೂದಿಲ್ಲ, ಕಲ್ಲೊಳಗಿನ ಲೋಹ ಎಲ್ಲ ಎಳ್ಕೊಂಡು ಕೆಳಗೆ ಇಳೀತದೆ. ಆ ಕಿಲುಬೇ ನಮ್ಮ ಬಾವಿಗೆ ಬರೂದು.’

ಕಲಾಯಿಯ ಮಾತು ಅತ್ತೆಗೆ ತಾಗಿತ್ತು, ನನಗೂ. ಕನ್ನಡ ಕಲಿಸುವವಳು ನಾನು, ಇಂಥ ಹೋಲಿಕೆ ನನ್ನ ಬಾಯಿಂದ ಬರಬೇಕಿತ್ತು. ‘ಆದ್ರೂ ಬಾಣಂತಿ ನೀರು ಅದು’ ಎಂದಷ್ಟೇ ಹೇಳಿ ಅತ್ತೆ ಎದ್ದು ಹೋದರು. ಆ ಕ್ಯಾನಿನ ನೀರನ್ನು ಮಗಳಿಗೆ ಮಾತ್ರ ಯಾರೂ ಕೊಡಲಿಲ್ಲ.

ಆ ವರ್ಷದ ಮೊದಲ ಮಳೆಗೆ ಅವಳು ನನ್ನನ್ನು ಕರೆದಳು. ‘ಅಕ್ಕ, ಈ ಸಲ ನೀವೇ ಬನ್ನಿ. ನನ್ನ ಮಾತು ಸುಳ್ಳು ಅಂತ ನಿಮಗೆ ಅನ್ನಿಸ್ತದಲ್ಲ, ನೀವೇ ತುಂಬಿಸಿ.’

ಇಬ್ಬರೂ ದಿಬ್ಬ ಹತ್ತಿದೆವು. ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಕಲ್ಲಿನ ಸಂದುಗಳಲ್ಲೆಲ್ಲ ಬಿಳಿ, ಹಳದಿ, ಅಲ್ಲಲ್ಲಿ ತಿಳಿಹಸಿರು ಉಪ್ಪು ಬೂಷ್ಟಿನ ಹಾಗೆ ಎದ್ದಿತ್ತು. ಒಂದು ಹುಲ್ಲುಕಡ್ಡಿ ಇಲ್ಲ. ನಾವು ನಿಂತಿದ್ದ ಹಾಗೆಯೇ ಮಳೆ ಬಿತ್ತು. ಬೇಸಿಗೆಯಿಡೀ ಕಟ್ಟಿಕೊಂಡಿದ್ದ ಆ ಉಪ್ಪು ಕಣ್ಣೆದುರೇ ಕರಗಿ, ಕಲ್ಲಿನಿಂದ ಕಲ್ಲಿಗೆ ಇಳಿದು, ಕೆಂಪು ಎಳೆಯಾಗಿ ಹಳ್ಳದ ಕಡೆ ಹೊರಟಿತು. ಅದು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲಿಂದ ನಮ್ಮ ಹೆಂಚು ಕಾಣುತ್ತಿತ್ತು, ಬಾವಿಯ ಗಡಗಡೆಯ ಕಂಬವೂ ಕಾಣುತ್ತಿತ್ತು. ಬಾಟಲಿ ತುಂಬಿಸಿದ್ದು ನಾನೇ, ತೊಳೆಯದೆ, ಸೋಸದೆ, ಕೆಸರಿದ್ದ ಹಾಗೆಯೇ.

ಇಳಿಯುವಾಗ ಹಳ್ಳಗಳು ಕೂಡುವ ಜಾಗದಲ್ಲಿ ನಿಂತೆವು. ಮೀನು ಬರುತ್ತಿತ್ತು, ಹೊರಳುತ್ತಿತ್ತು. ‘ಮೀನಿಗೆ ರಿಪೋರ್ಟ್ ಬೇಡ ನೋಡಿ’ ಎಂದಳು ಅವಳು.

ನಮಗೆ ಬೇಕಿತ್ತು, ಬಂತು. ಆರ್ಸೆನಿಕ್, ಮ್ಯಾಂಗನೀಸ್, ನಿಕ್ಕಲ್, ಎಲ್ಲವೂ ಇರಬೇಕಾದದ್ದಕ್ಕಿಂತ ಮೇಲೆ. ಹಳ್ಳದಲ್ಲಿ ಹೆಚ್ಚು, ಬಾವಿಯಲ್ಲಿ ಕಡಿಮೆ, ಆದರೆ ಕುಡಿಯುವಷ್ಟು ಕಡಿಮೆಯಲ್ಲ.

ಊರಿನ ಶಾಲೆಯಲ್ಲಿ ಸಭೆ ಸೇರಿತು. ಅವಳು ಎದ್ದು ವಿವರಿಸಿದಳು. ಕೇಳುವವರ ಮುಖ ಬಿಗಿಯಿತು. ನಮ್ಮ ಬಾವಿಯೊಂದೇ ಅಲ್ಲ, ಹಳ್ಳದ ಸಾಲಿನ ಎಲ್ಲ ಬಾವಿಗಳ ಮಾತು ಅದು. ಊರಿನ ಹೆಸರು ಹಾಳು ಮಾಡುತ್ತಾಳೆ, ಈ ಊರಿಗೆ ಯಾರು ಹೆಣ್ಣು ಕೊಡುತ್ತಾರೆ, ಬೆಳಕೆಯಿಂದ ನಿನ್ನೆ ಮೊನ್ನೆ ಬಂದವಳಿಗೆ ನಮ್ಮ ನೀರಿನ ವಿಷಯ ಏನು ಗೊತ್ತು ಎಂದೆಲ್ಲ ಗದ್ದಲ. ಒಬ್ಬರು ನನ್ನ ಕಡೆ ತಿರುಗಿ, ‘ಅಕ್ಕೋರೇ, ನೀವು ಹೇಳಿ. ನೀವೇ ಅಲ್ವಾ ಎಲ್ಲರಿಗೂ ನೀರು ಕೊಟ್ಟವರು?’ ಎಂದರು. ಅತ್ತೆ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಒಂದು ಮಾತು ಹೇಳಿದರೆ ಸಾಕಿತ್ತು, ಬಾವಿಯೂ ಉಳಿಯುತ್ತಿತ್ತು, ಅತ್ತೆಯೂ ನನ್ನ ಕಡೆಗೇ ಉಳಿಯುತ್ತಿದ್ದರು.

ನಾನು ಎದ್ದು ನಿಂತೆ. ‘ಇವಳು ನನ್ನ ವಾರಗಿತ್ತಿ. ಇವಳ ಮೇಲೆ ನನಗೆ ಇಲ್ಲದ ಹೊಟ್ಟೆಕಿಚ್ಚಿಲ್ಲ, ಅದು ನಿಮಗೆಲ್ಲ ಗೊತ್ತದೆ. ಇವಳ ಮಾತು ಸುಳ್ಳಾಗಲಿ ಅಂತ ನನ್ನಷ್ಟು ಆಸೆ ಪಟ್ಟವರು ಈ ಊರಲ್ಲಿ ಬೇರೆ ಯಾರೂ ಇಲ್ಲ. ಆ ನೀರು ತುಂಬಿಸಿದ್ದು ನನ್ನ ಕೈ. ಸುಳ್ಳಾಗಲಿಲ್ಲ. ನಾನೇ ಹೇಳ್ತೆ, ಆ ನೀರು ಕುಡೀಬೇಡಿ.’

ಮೊದಲು ಹೆಂಗಸರು ನಕ್ಕರು, ಆಮೇಲೆ ಗಂಡಸರು. ನಕ್ಕ ಮೇಲೆ ಜಗಳವಾಡುವುದು ಕಷ್ಟ. ಗದ್ದಲ ಇಳಿಯಿತು, ಮುಂದೇನು ಮಾಡೋಣ ಎಂಬ ಮಾತು ಶುರುವಾಯಿತು. ಅತ್ತೆ ಮಾತ್ರ ಎದ್ದು ಮನೆಗೆ ಹೋದರು.

ದಾರಿಯಲ್ಲಿ ವಾರಗಿತ್ತಿ ನನ್ನ ಕೈ ಹಿಡಿದಳು. ‘ಅಕ್ಕ, ಅಷ್ಟ್ ಹೊಟ್ಟೆಕಿಚ್ಚು ಅದ್ಯಾ ನನ್ನ ಮೇಲೆ?’

‘ಅದೆ.’

‘ಇರ್ಲಿ. ಕಡಿಮೆ ಮಾಡ್ಬೇಡಿ. ನನ್ನ ರಿಪೋರ್ಟು ಕೇಳದವರು ನಿಮ್ಮ ಹೊಟ್ಟೆಕಿಚ್ಚು ಕೇಳಿ ಒಪ್ಪಿದ್ರು.’

ಗುಡ್ಡದ ಆಚೆ ಮಗ್ಗುಲಲ್ಲಿ, ದಿಬ್ಬದ ನೀರು ಸೋಕದ ಒಂದು ಒರತೆಯಿತ್ತು. ಅಲ್ಲಿಂದ ಪೈಪು ಎಳೆಸಲು ಅವಳು ಪಂಚಾಯಿತಿಗೆ ಎಷ್ಟು ಸಲ ಅಲೆದಳೋ ನಾನು ಕಾಣೆ. ಕೊನೆಗೆ ನಮ್ಮ ತಿರುವಿನಲ್ಲಿ ನಲ್ಲಿ ನಿಂತಿತು. ಬಾವಿಗಳಿಗೆ ಕಬ್ಬಿಣದ ಜಾಲರಿ ಬಿತ್ತು. ಜನ ಆ ನಲ್ಲಿಯ ನೀರನ್ನು ‘ಮೇಡಮ್ ನೀರು’ ಎಂದು ಕರೆಯತೊಡಗಿದರು. ಸಭೆಯಲ್ಲಿ ಎದ್ದು ನಿಂತವಳು ನಾನು, ಹೆಸರು ಅವಳದು. ‘ಅಕ್ಕೋರೇ, ಮೇಡಮ್ ನೀರು ಬಂತ್ಯಾ?’ ಎಂದು ನನ್ನನ್ನೇ ಕೇಳುತ್ತಿದ್ದರು.

ಅತ್ತೆ ಒಪ್ಪಲಿಲ್ಲ. ಜಾಲರಿಯ ಮೂಲೆ ಬಗ್ಗಿಸಿ ತಂಬಿಗೆ ಇಳಿಯುವಷ್ಟು ಕಿಂಡಿ ಮಾಡಿಕೊಂಡು, ದಿನಾ ಬೆಳಿಗ್ಗೆ ಒಂದು ತಂಬಿಗೆ ಬಾವಿಯ ನೀರು ಸೇದಿ ಕುಡಿಯುತ್ತಿದ್ದರು. ನಾನು ಬೈದೆ, ಕಿಂಡಿ ಮುಚ್ಚಿಸಿದೆ. ಅವರು ಮತ್ತೊಂದು ಮೂಲೆ ಬಗ್ಗಿಸಿದರು. ವಾರಗಿತ್ತಿ ಬಂದಾಗಲೆಲ್ಲ ಕೈ ಹಿಡಿದು ಬೇಡಿಕೊಳ್ಳುತ್ತಿದ್ದಳು. ‘ಇಷ್ಟ್ ವರ್ಷ ಕು‌ಡದಾತು, ನಂಗೆ ಇನ್ನೆಂತ ಆಗೂದದೆ?’ ಎಂಬ ಒಂದೇ ಉತ್ತರ. ಅವಳ ಮಾತು ಅತ್ತೆ ಕೇಳದೆ ಹೋದದ್ದು ಅದೊಂದೇ. ಸುಳ್ಳೇಕೆ ಹೇಳಲಿ, ನನಗೆ ಅದರಲ್ಲಿ ತುಸು ಸಮಾಧಾನವೂ ಇತ್ತು.

ಕಳೆದ ಮಳೆಗಾಲದಲ್ಲಿ ಅವಳು ಹೋದಳು. ಕಾಲೇಜಿನ ಮೆಟ್ಟಿಲಲ್ಲಿ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ನನಗಿಂತ ಎಷ್ಟೋ ಚಿಕ್ಕವಳು. ನಮ್ಮ ಅಂಗಳದಲ್ಲಿ ಜನ ಹಿಡಿಯಲಿಲ್ಲ. ಅವಳ ವಿದ್ಯಾರ್ಥಿಗಳು, ಬೆಳಕೆಯಿಂದ ಬಂದ ಮೀನುಗಾರ್ತಿಯರು, ಹೆಸರು ಗೊತ್ತಿಲ್ಲದ ಊರುಗಳ ಹೆಂಗಸರು. ಮಗಳು ಗೋಡೆಗೆ ಹಣೆ ಒತ್ತಿ ಅತ್ತಳು. ಅತ್ತೆ ಅತ್ತದ್ದನ್ನು ನಾನು ಹೇಳಲಾರೆ. ನಾನು ಸತ್ತರೆ ಇವರು ಇದರ ಅರ್ಧವಾದರೂ ಅಳುತ್ತಾರಾ ಎಂದು ಆ ಹೊತ್ತಿನಲ್ಲೂ ನನ್ನ ಮನಸ್ಸಿಗೆ ಬಂತು. ಆಮೇಲೆ ನಾನು ಎಷ್ಟು ಅತ್ತೆನೆಂದರೆ, ನಮ್ಮವರು ಬಂದು ಎತ್ತಿ ಕೂರಿಸಬೇಕಾಯಿತು.

ಆ ದಿಬ್ಬ ಹಾಗೆಯೇ ಇದೆ. ನಾವೆಲ್ಲ ಹೋದ ಮೇಲೂ ಅದು ಹುಳಿಯುತ್ತ, ಕರಗುತ್ತ, ಇಳಿಯುತ್ತಲೇ ಇರುತ್ತದೆ ಎಂದು ಅವಳು ಹೇಳುತ್ತಿದ್ದಳು. ನನ್ನ ಮೊಮ್ಮಗಳಿಗೆ ಈಗ ಓಡಾಡುವ ವಯಸ್ಸು. ರಜೆಗೆ ಬಂದರೆ ಆ ಕೆಂಪು ಹಳ್ಳದ ಅಂಚಿನಲ್ಲಿ ಆಡುತ್ತಾಳೆ, ಅದರ ಒಂದು ಹನಿಯೂ ಅವಳ ಹೊಟ್ಟೆಗೆ ಹೋಗಿಲ್ಲ. ಅದರ ಋಣ ಯಾರದು ಎಂದು ನನಗೆ ಗೊತ್ತು, ಅದನ್ನು ತೀರಿಸುವ ದಾರಿ ಗೊತ್ತಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮರುದಿನ ಬೆಳಿಗ್ಗೆ ನೆಂಟರೆಲ್ಲ ಹೊರಟುಹೋಗಿದ್ದರು. ಅತ್ತೆ ಜಗಲಿಯಲ್ಲಿ ಕೂತಿದ್ದರು. ತಂಬಿಗೆ ಪಕ್ಕದಲ್ಲೇ ಖಾಲಿ ಇತ್ತು. ಬಾವಿಗೆ ಹೋಗಿರಲಿಲ್ಲ.

‘ತಂಗೀ,’ ಎಂದರು. ನನ್ನನ್ನು ಅವರು ಅದುವರೆಗೆ ಹಾಗೆ ಅಕ್ಕರೆಯಿಂದ ಕರೆದದ್ದೇ ಇಲ್ಲ. ‘ಅವಳ ನೀರು ಒಂಚೂರು ತಾ.’

ತಿರುವಿನ ನಲ್ಲಿಗೆ ಹೋಗಿ ಕೊಡ ತುಂಬಿಸಿ ತಂದು ಲೋಟಕ್ಕೆ ಬಗ್ಗಿಸಿದೆ. ಅತ್ತೆ ಎರಡು ಗುಟುಕು ಕುಡಿದು ಮುಖ ಹಿಂಡಿದರು.

‘ಸಪ್ಪೆ,’ ಎಂದರು.

ಪೂರ್ತಿ ಕುಡಿದು ಲೋಟವನ್ನು ಮತ್ತೆ ನನ್ನ ಮುಂದೆ ಚಾಚಿದರು. ನಾನು ಅಷ್ಟು ಬೈದರೂ ಕೇಳದವರು ಅವಳು ಸತ್ತ ಮೇಲೆ ಅವಳ ಮಾತು ಕೇಳುತ್ತಿದ್ದರು. ನನ್ನ ಹೊಟ್ಟೆ ಉರಿಯಿತು, ಕಣ್ಣೂ ಉರಿಯಿತು. ನಾನು ಲೋಟ ತುಂಬಿಸಿದೆ.